1969ರ ಜಿಟಿಒ, 2019ರ ಮಸ್ಟ್ಯಾಂಗ್, ಎರಡು ಚೀಟಿ: ಹಳೇ ಮಸಲ್ ಕಾರುಗಳು ನಿಜಕ್ಕೂ ಎಷ್ಟು ಓಡುತ್ತಿದ್ದವು?

ವುಡ್‌ವರ್ಡ್ ವಾಸಿ

ಎಲ್ಲರಿಗೂ ನಮಸ್ಕಾರ. ಡೆಟ್ರಾಯ್ಟ್ ಹತ್ತಿರ ಹನ್ನೊಂದು ವರ್ಷದಿಂದ ಇದೀನಿ. ವುಡ್‌ವರ್ಡ್ ಅವೆನ್ಯೂ ನಮ್ಮ ಮನೆಯಿಂದ ನಡ್ಕೊಂಡು ಹೋಗೋಷ್ಟು ದೂರ. ಆಗಸ್ಟ್ ಮೂರನೇ ಶನಿವಾರ ಇಲ್ಲಿ ಡ್ರೀಮ್ ಕ್ರೂಸ್ ನಡೆಯುತ್ತೆ, 1995ರಿಂದ ನಡ್ಕೊಂಡು ಬಂದಿದೆ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಊರಿನ ತನಕ ರಸ್ತೆ ತುಂಬ ಹಳೇ ಕಾರು. ನಮ್ಮೂರ ತೇರಿನ ದಿನದ ಹಾಗೆ ಬೆಳಿಗ್ಗೆನೇ ಜನ ಕುರ್ಚಿ ಹಾಕಿ ಜಾಗ ಹಿಡಿದಿರ್ತಾರೆ.

ಪಕ್ಕದ ಮನೆಯ ಹಿರಿಯರ ಹತ್ತಿರ 1969ರ ಪಾಂಟಿಯಾಕ್ ಜಿಟಿಒ ಇದೆ. ಮಸಲ್ ಕಾರು ಅಂತಾರಲ್ಲ, ಮಧ್ಯಮ ಗಾತ್ರದ ಮೈಗೆ ದೊಡ್ಡ ಎಂಜಿನ್, ಆ ಜಾತಿಯದು. 400 ಘನ ಅಂಗುಲ, ಅಂದ್ರೆ 6.6 ಲೀಟರಿನ ವಿ8 (ಎಂಟು ಸಿಲಿಂಡರ್) ಎಂಜಿನ್, ನಾಲ್ಕು ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಆರ್‌ಪಿಎಂ ಮೀಟರ್ ಇರೋದು ಡ್ಯಾಶ್‌ಬೋರ್ಡಲ್ಲಲ್ಲ, ಗಾಜಿನ ಆಚೆ, ಬಾನೆಟ್ ಮೇಲೆ. ರಸ್ತೆಯಿಂದ ಕಣ್ಣು ತೆಗೀದೇ ಮುಳ್ಳು ನೋಡ್ಬಹುದು. ಮಳೆ ಬಂದ್ರೆ ಅದರ ಗಾಜಿನ ಮೇಲೂ ಹನಿ ಕೂರುತ್ತೆ.

ಹೋದ ವಾರ ಇಬ್ರೂ ನೆಟ್ಟಗಿನ ರಸ್ತೇಲಿ ಕಾರು ಓಡಿಸಿ ಸಮಯ ಅಳೆಯೋ ಡ್ರ್ಯಾಗ್ ಸ್ಟ್ರಿಪ್‌ಗೆ ಹೋಗಿದ್ವಿ. ಅವರು ಜಿಟಿಒದಲ್ಲಿ, ನಾನು ನನ್ನ 2019ರ ಫೋರ್ಡ್ ಮಸ್ಟ್ಯಾಂಗ್ ಜಿಟಿಯಲ್ಲಿ. 5 ಲೀಟರ್, 460 ಎಚ್‌ಪಿ, ಮ್ಯಾನುಯಲ್ ಗೇರು. ಓಟ ಕಾಲು ಮೈಲಿ, 402 ಮೀಟರ್. ಕೈಗೆ ಬಂದ ಚೀಟಿ ಹೀಗಿದೆ:

ಜಿಟಿಒ: ಮೊದಲ 60 ಅಡಿಗೆ 2.31 ಸೆಕೆಂಡು, ಕಾಲು ಮೈಲಿಗೆ 14.34 ಸೆಕೆಂಡು, ಗೆರೆ ದಾಟುವಾಗ ವೇಗ ಗಂಟೆಗೆ 99 ಮೈಲಿ (159 ಕಿ.ಮೀ.).
ಮಸ್ಟ್ಯಾಂಗ್: 2.04, 12.81, 113 ಮೈಲಿ.

ಜಿಟಿಒಗೆ ಆಗ ಕಂಪನಿ ಬರೆದಿದ್ದು 350 ಎಚ್‌ಪಿ. ತೂಕ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, 1,700 ಕೆಜಿ ಆಸುಪಾಸು. ಒಂದೂವರೆ ಸೆಕೆಂಡು ಎಲ್ಲಿಗೆ ಹೋಯ್ತು? ಆಫೀಸಿನ ಹುಡುಗರು "ಮೊನ್ನೆಮೊನ್ನೆ ತನಕ ಬರ್ತಿದ್ದ ಟೊಯೊಟಾ ವಿ6 ಕ್ಯಾಮ್ರಿ ಕೂಡ ಅದರ ಜೊತೆ ಓಡುತ್ತೆ" ಅಂತ ನಕ್ಕರು. ಬೇಜಾರಾಯ್ತು. ಆದ್ರೆ ಚೀಟಿ ನೋಡಿದ್ರೆ ಅವರ ಮಾತು ಸುಳ್ಳೂ ಅಲ್ಲ. ತಿಳಿದವರು ಬಿಡಿಸಿ ಹೇಳಿ.

ಹುಬ್ಬಳ್ಳಿ ಗ್ಯಾರೇಜ್

ಮೊದಲ ಒಂದ್ ಪ್ರಶ್ನೆ ರೀ. ಟೈರ್ ಯಾವ್ದು? ಹಳೇ ಅಳತಿದs ಹಾಕ್ಯಾರೋ, ರೇಡಿಯಲ್ ಹಾಕ್ಯಾರೋ? 60 ಅಡಿಗೆ 2.31 ಅಂದ್ರ ಅದು ಎಂಜಿನ್ನಿನ ತಪ್ಪಲ್ಲ. ಚಕ್ರ ನಿಂತಲ್ಲೇ ತಿರಗೇತಿ.

ವುಡ್‌ವರ್ಡ್ ವಾಸಿ

ಹಳೇ ಅಳತೆದೇ ಸರ್. ಜಿ70-14, ಕೆಂಪು ಗೆರೆ ಇರೋ ಬಯಾಸ್ ಟೈರು. ಹೊಸದಾಗಿ ಅದೇ ಮಾದರೀಲಿ ಮಾಡಿದ್ದು. ಹೌದು, ಹೊರಡುವಾಗ ಹಿಂದಿನ ಚಕ್ರ ತಿರುಗ್ತು, ಆಮೇಲೆ ಹಿಂಭಾಗ ಟಕಟಕ ಕುಣೀತು. ಎರಡನೇ ಗೇರಿಗೆ ಹಾಕಿದಾಗ ಇನ್ನೊಂದ್ಸಲ.

ಬ್ರೇಕ್ ಬೆಂಗಳೂರು

ನಿಮ್ಮ ಚೀಟಿಯಲ್ಲಿ ಎರಡು ಬೇರೆ ಬೇರೆ ಕಥೆ ಇದೆ. ಸೆಕೆಂಡು ಒಂದು ಕಥೆ ಹೇಳುತ್ತೆ, ಗೆರೆ ದಾಟುವಾಗಿನ ವೇಗ ಇನ್ನೊಂದು. ಜನ ಎರಡನ್ನೂ ಕಲಸಿಬಿಡ್ತಾರೆ.

ಹೊರಡುವಾಗ ಚಕ್ರ ಜಾರಿದರೆ ಸಮಯ ಹಾಳಾಗುತ್ತೆ. ಕೊನೆಯ ವೇಗ ಮಾತ್ರ ಅಷ್ಟೇನೂ ಕೆಡಲ್ಲ, ಯಾಕಂದ್ರೆ ಮುಂದಿನ ಮುನ್ನೂರೆಂಬತ್ತು ಮೀಟರ್ ಎಂಜಿನ್ ತಳ್ಳುತ್ತಲೇ ಇರುತ್ತೆ. ಹಾಗಾಗಿ ಎಂಜಿನ್ನಿಗೆ ಎಷ್ಟು ಕಸುವಿದೆ ಅಂತ ತಿಳೀಬೇಕಾದ್ರೆ ವೇಗ ನೋಡಬೇಕು, ಚಾಲಕ ಮತ್ತು ಟೈರು ಹೇಗಿದ್ದವು ಅಂತ ತಿಳೀಬೇಕಾದ್ರೆ ಸಮಯ ನೋಡಬೇಕು.

ಡ್ರ್ಯಾಗ್ ಓಡಿಸುವವರು ಬಳಸುವ ಒಂದು ಹಳೇ ಲೆಕ್ಕ ಇದೆ. ಗೆರೆ ದಾಟುವ ವೇಗವನ್ನ (ಮೈಲಿಯಲ್ಲಿ) 234ರಿಂದ ಭಾಗಿಸಿ, ಬಂದದ್ದನ್ನ ಘನ ಮಾಡಿ, ಚಾಲಕ ಸಮೇತ ಕಾರಿನ ತೂಕದಿಂದ (ಪೌಂಡಿನಲ್ಲಿ) ಗುಣಿಸಿ. ಬರೋದೇ ಎಚ್‌ಪಿ. ಘನ ಯಾಕೆ? ಗಳಿಸಿದ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ, ಜೊತೆಗೆ ವೇಗ ಹೆಚ್ಚಾದಷ್ಟೂ ಅದೇ ದೂರಕ್ಕೆ ಸಿಗುವ ಸಮಯ ಕಡಿಮೆ. ಎರಡೂ ಸೇರಿ ಘನ.

ಜಿಟಿಒ: 3,900 ಪೌಂಡು, 99 ಮೈಲಿ. ಉತ್ತರ ಸುಮಾರು 295 ಎಚ್‌ಪಿ.
ಮಸ್ಟ್ಯಾಂಗ್: 3,900 ಪೌಂಡು, 113 ಮೈಲಿ. ಸುಮಾರು 440.

ಮಸ್ಟ್ಯಾಂಗ್‌ದು ಬೇಸಿಗೆಯ ಬಿಸಿಗಾಳಿಯಲ್ಲಿ ಸರಿಯಾಗೇ ಬಂದಿದೆ. ಜಿಟಿಒದ 350 ಯಾಕೆ 295 ಆಯ್ತು? ಕಾರು ಸೊರಗಿಲ್ಲ, ಅಳತೆಗೋಲೇ ಬೇರೆ. ಆಗ ಅಮೆರಿಕದಲ್ಲಿ 'ಗ್ರಾಸ್' ಎಚ್‌ಪಿ ಬರೀತಿದ್ದರು. ಎಂಜಿನ್ನನ್ನ ಬೆಂಚಿನ ಮೇಲೆ ಕೂರಿಸಿ, ಏರ್ ಫಿಲ್ಟರ್ ತೆಗೆದು, ಸೈಲೆನ್ಸರ್ ಇಲ್ಲದೆ, ಫ್ಯಾನು ಆಲ್ಟರ್ನೇಟರ್ ಯಾವುದರ ಹೊರೆಯೂ ಇಲ್ಲದೆ ಅಳೆದ ಅಂಕಿ ಅದು. ಕಾರಿನಲ್ಲಿ ಹೇಗೆ ಕೂರುತ್ತೋ ಹಾಗೇ ಅಳೆಯುವ 'ನೆಟ್' ಎಚ್‌ಪಿ 1972ರಿಂದ ಎಲ್ಲ ಕಡೆ ಬಂತು. 1971ರಲ್ಲಿ ಜನರಲ್ ಮೋಟರ್ಸ್ ಎರಡನ್ನೂ ಅಚ್ಚು ಹಾಕಿತ್ತು: ಅದರ ಶೆವ್ರೊಲೆ ವಿಭಾಗದ ಶೆವೆಲ್‌ನ 454 ಎಲ್‌ಎಸ್5 ಎಂಜಿನ್ ಗ್ರಾಸ್‌ನಲ್ಲಿ 365, ನೆಟ್‌ನಲ್ಲಿ 285. ಎಂಜಿನ್ ಅದೇ, ಬರೆದ ಅಂಕಿ ಎರಡು.

ಹಾಗಾಗಿ ನಿಮ್ಮ ಆಫೀಸಿನ ಹುಡುಗರಿಗೆ ಹೇಳಿ, ಆ ಕಾರು 295 ಎಚ್‌ಪಿ ಕಾರು. 295 ಎಚ್‌ಪಿಯ 1,700 ಕೆಜಿ ಕಾರು ಎಷ್ಟು ಓಡಬೇಕೋ ಅಷ್ಟೇ ಓಡಿದೆ. ಐವತ್ತು ವರ್ಷ ದಾಟಿದ ಎಂಜಿನ್ನಿಗೆ ಇದು ಸಣ್ಣ ಮಾತಲ್ಲ.

ಪಾಂಟಿಯಾಕ್ ಪ್ರೇಮಿ

ಈ 234ರ ಲೆಕ್ಕ ನೋಡಿ ನನಗೆ ಒಂದು ಹಳೆಯ ಕಥೆ ನೆನಪಾಯಿತು. ಜಿಟಿಒ ಅಭಿಮಾನಿಗಳಿಗೆ ಗೊತ್ತಿರುವುದೇ, ಆದರೆ ಕನ್ನಡದಲ್ಲಿ ಯಾರೂ ಬರೆದದ್ದು ನಾನು ಓದಿಲ್ಲ.

1963ರಲ್ಲಿ ಜನರಲ್ ಮೋಟರ್ಸ್ ತನ್ನ ವಿಭಾಗಗಳು ರೇಸಿನಲ್ಲಿ ತೊಡಗುವುದನ್ನು ನಿಲ್ಲಿಸಿತು. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಹಾಕಬಾರದೆಂಬ ನಿಯಮವೂ ಇತ್ತು. ಜನರಲ್ ಮೋಟರ್ಸ್‌ನದೇ ವಿಭಾಗವಾದ ಪಾಂಟಿಯಾಕ್‌ನಲ್ಲಿದ್ದ ಜಾನ್ ಡಿಲೋರಿಯನ್, ಬಿಲ್ ಕಾಲಿನ್ಸ್, ರಸ್ ಗೀ ಈ ಮೂವರು 389 ಘನ ಅಂಗುಲದ ಎಂಜಿನ್ನನ್ನು ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ ಕೂರಿಸಿದರು. ಹೊಸ ಮಾದರಿ ಎಂದರೆ ಅನುಮತಿ ಬೇಕು, ಐಚ್ಛಿಕ ಪ್ಯಾಕೇಜ್ ಎಂದರೆ ಬೇಡ. ಹಾಗಾಗಿ 1964ರ ಜಿಟಿಒ 295 ಡಾಲರಿನ ಒಂದು ಪ್ಯಾಕೇಜ್ ಆಗಿ ಹೊರಬಂತು. ನಾಲ್ಕು ಬ್ಯಾರಲ್ (ಬಾಯಿ) ಇರುವ ಒಂದು ಕಾರ್ಬ್ಯುರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ, ಇದ್ದರೆ 325 ಎಚ್‌ಪಿ, ಮೂರು ಕಾರ್ಬ್ಯುರೇಟರ್‌ನ 'ಟ್ರೈ-ಪವರ್' ಆದರೆ 348.

ಅದೇ ವರ್ಷ ಮಾರ್ಚ್‌ನಲ್ಲಿ 'ಕಾರ್ ಅಂಡ್ ಡ್ರೈವರ್' ಪತ್ರಿಕೆಯಲ್ಲಿ ಪರೀಕ್ಷೆ ಬಂತು. ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗಕ್ಕೆ 4.6 ಸೆಕೆಂಡು, ಕಾಲು ಮೈಲಿ 13.1 ಸೆಕೆಂಡು, ವೇಗ 115 ಮೈಲಿ! ಊರಿಗೆ ಊರೇ ಬೆರಗಾಯಿತು. ಈಗ ಮೇಲಿನ ಲೆಕ್ಕ ಹಾಕಿ ನೋಡಿ. 3,700 ಪೌಂಡು, 115 ಮೈಲಿ. ಉತ್ತರ 439 ಎಚ್‌ಪಿ. ಗ್ರಾಸ್‌ನಲ್ಲೇ 348 ಇದ್ದ ಎಂಜಿನ್ನಿನಿಂದ 439 ಬರುವುದು ಹೇಗೆ?

ಬಂದಿರಲಿಲ್ಲ. ಆ ಕಾರು ರಾಯಲ್ ಓಕ್‌ನ ರಾಯಲ್ ಪಾಂಟಿಯಾಕ್ ಡೀಲರ್ ಅಂಗಡಿಯಲ್ಲಿ ತಯಾರಾದದ್ದು. ಬಾನೆಟ್ ಕೆಳಗೆ ಇದ್ದದ್ದು 389 ಅಲ್ಲ, 421. ಪಾಂಟಿಯಾಕ್‌ನ ಜಾಹೀರಾತು ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸ್ ವರ್ಷಗಳ ನಂತರ ಇದನ್ನು ತಾವೇ ಒಪ್ಪಿಕೊಂಡರು. ಇಷ್ಟು ಪ್ರೀತಿಸುವ ಕಾರಿನ ಬಗ್ಗೆ ಇದನ್ನು ಬರೆಯುವಾಗ ನನಗೆ ನೋವಿದೆ. ಆದರೆ "ಆಗಿನ ಕಾಲದಲ್ಲೇ 13 ಸೆಕೆಂಡು" ಎನ್ನುವ ಹಳೆಯ ಅಂಕಿಗಳನ್ನು ಎದುರಿಗಿಟ್ಟುಕೊಂಡು ಇವತ್ತಿನ ಕಾರಿಗೆ ಹೋಲಿಸುವ ಮೊದಲು, ಆ ಕಾರಿಗೆ ಏನೇನು ಮಾಡಿದ್ದರು ಎಂದು ಕೇಳಲೇಬೇಕು.

ಪ್ರಾಮಾಣಿಕವಾಗಿ ವೇಗವಾಗಿದ್ದ ಕಾರುಗಳೂ ಇದ್ದವು ಎನ್ನುವುದನ್ನು ಮರೆಯಬೇಡಿ. 1970ರ ಶೆವೆಲ್ ಎಸ್‌ಎಸ್ 454 ಎಲ್‌ಎಸ್6 ಪತ್ರಿಕೆಗಳ ಕೈಯಲ್ಲಿ 13 ಚಿಲ್ಲರೆ ಸೆಕೆಂಡು, 105ರಿಂದ 108 ಮೈಲಿ ಓಡಿದೆ. ಹೇಳಿದ್ದು 450 ಎಚ್‌ಪಿ. 4,000 ಪೌಂಡು, 108 ಮೈಲಿಗೆ ಲೆಕ್ಕ ಹಾಕಿದರೆ ಸುಮಾರು 390 ಬರುತ್ತದೆ. ಗ್ರಾಸ್ ಮತ್ತು ನೆಟ್‌ನ ನಡುವೆ ಇರಬೇಕಾದ ಅಂತರ ಅಷ್ಟೇ. ಅಲ್ಲಿ ಮೋಸವಿಲ್ಲ.

ಕುಡ್ಲ ದುಬೈ

ಒಳ್ಳೆ ಚರ್ಚೆ ಮಾರಾಯ್ರೆ. ನನ್ನ ಹತ್ರ ಡಾಜ್ ಚಾಲೆಂಜರ್ ಸ್ಕ್ಯಾಟ್ ಪ್ಯಾಕ್ ಉಂಟು, 6.4 ಲೀಟರ್, 485 ಎಚ್‌ಪಿ. ಅಬುಧಾಬಿಯ ಯಾಸ್ ಮರೀನಾದಲ್ಲಿ ಡ್ರ್ಯಾಗ್ ಟ್ರ್ಯಾಕ್ ಉಂಟಲ್ಲ, ಅಲ್ಲಿಗೆ ಹೋಗಿದ್ದೇನೆ. ಇಲ್ಲಿಯ ಬಿಸಿಲಿನ ಬಗ್ಗೆ ಒಂದು ಮಾತು ಸೇರಿಸ್ತೇನೆ.

15 ಡಿಗ್ರಿಯಲ್ಲಿ ಇರುವ ಗಾಳಿಗಿಂತ 45 ಡಿಗ್ರಿಯ ಗಾಳಿ ಒಂದು 9% ತೆಳು. ಅಷ್ಟೇ ಕಡಿಮೆ ಆಮ್ಲಜನಕ ಎಂಜಿನ್ನಿಗೆ ಹೋಗುದು. ನನ್ನ ಕಾರಿಗೆ ಅದು ಗೊತ್ತಾಗ್ತದೆ. ಗಾಳಿ ಎಷ್ಟು ಅಂತ ಅಳೆದು ಪೆಟ್ರೋಲು ಅಷ್ಟಕ್ಕಷ್ಟೇ ಕೊಡ್ತದೆ. ನಾಕ್ ಸೆನ್ಸರ್ ಕಿವಿ ಕೊಟ್ಟು ಕೂತಿರ್ತದೆ, ಎಂಜಿನ್ ಕಟಕಟ ಅಂದರೆ ಕಿಡಿ ಹಾರುವ ಟೈಮಿಂಗ್ ಹಿಂದೆ ಎಳೀತದೆ. ನನಗೆ ಏನೂ ತಿಳಿಯುದಿಲ್ಲ, ಸ್ವಲ್ಪ ನಿಧಾನ ಅಂತ ಬಿಟ್ಟರೆ.

ನನ್ನ ಸ್ನೇಹಿತರ ಹತ್ರ 1970ರ ಶೆವೆಲ್ ಉಂಟು. ಜುಲೈಯಲ್ಲಿ ಒಂದು ದಿನ ಸಿಗ್ನಲ್‌ನಲ್ಲಿ ನಿಂತದ್ದು ನಿಂತೇ ಹೋಯ್ತು. ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿ ಆಗಿತ್ತು, ಪಂಪಿಗೆ ಎಳೀಲಿಕ್ಕೆ ದ್ರವ ಇಲ್ಲ. ಬಾನೆಟ್ ಎತ್ತಿ, ಒದ್ದೆ ಬಟ್ಟೆ ಸುತ್ತಿ, ಅರ್ಧ ಗಂಟೆ ಕಾದೆವು. ಕಾರ್ಬ್ಯುರೇಟರ್ ಅಂದರೆ ಹಾಗೆ, ಒಂದು ಹವೆಗೆ ಕೈಯಲ್ಲಿ ಹೊಂದಿಸಿ ಇಟ್ಟದ್ದು. ಹವೆ ಬದಲಾದರೆ ಅದಕ್ಕೆ ತಿಳಿಯುದಿಲ್ಲ.

ಕಾಲು ಮೈಲಿಯ ಚೀಟಿಯಲ್ಲಿ ಇದು ಕಾಣುದಿಲ್ಲ. ಆದರೆ ದಿನಾ ಬೆಳಿಗ್ಗೆ ಅದೇ 12 ಸೆಕೆಂಡು ಕೊಡುದು ಕೂಡ ಪರ್ಫಾರ್ಮೆನ್ಸೇ ಅಲ್ವಾ?

ಹಸಿರು ಪ್ಲೇಟ್

ಈ ಲೆಕ್ಕಗಳೆಲ್ಲ ಈಗ ಹಳೆಯದಾಯ್ತು. ಟೆಸ್ಲಾ ಮಾಡೆಲ್ ಎಸ್ ಪ್ಲೇಡ್, 1,020 ಎಚ್‌ಪಿ, ಕಾಲು ಮೈಲಿ 9.23 ಸೆಕೆಂಡು ಅಂತ ಕಂಪನಿಯೇ ಹೇಳಿದೆ. ಅದೂ ನಾಲ್ಕು ಬಾಗಿಲಿನ ಫ್ಯಾಮಿಲಿ ಕಾರು. ಪೆಟ್ರೋಲ್ ವಿ8ಗಳ ನಡುವೆ ಹೋಲಿಕೆ ಮಾಡಿ ಏನು ಪ್ರಯೋಜನ?

ವುಡ್‌ವರ್ಡ್ ವಾಸಿ

ನೀವು ಹೇಳಿದ್ದು ನಿಜ, ಅದರ ಬಗ್ಗೆ ತಕರಾರಿಲ್ಲ. ಇಲ್ಲೇ ಡಾಜ್‌ನವರು ವಿ8 ಚಾಲೆಂಜರ್ ಮತ್ತು ಚಾರ್ಜರ್ ತಯಾರಿಕೆಯನ್ನ 2023ರ ಡಿಸೆಂಬರ್‌ನಲ್ಲಿ ನಿಲ್ಲಿಸಿ, ಆಮೇಲೆ ಎಲೆಕ್ಟ್ರಿಕ್ ಚಾರ್ಜರ್ ಡೇಟೋನಾ ತಂದ್ರು. ಆದ್ರೆ ನನ್ನ ಪ್ರಶ್ನೆ ಯಾವುದು ಎಲ್ಲಕ್ಕಿಂತ ವೇಗ ಅನ್ನೋದಲ್ಲ. ಒಂದೇ ಬಗೆಯ ಎರಡು ಕಾರು: ಮುಂದೆ ವಿ8, ಹಿಂದಿನ ಚಕ್ರಕ್ಕೆ ಶಕ್ತಿ, ಕೈಯಲ್ಲಿ ಗೇರು. ತೂಕವೂ ಒಂದೇ. ಮಧ್ಯೆ ಐವತ್ತು ವರ್ಷ. ಆ ಐವತ್ತು ವರ್ಷದಲ್ಲಿ ಎಂಜಿನಿಯರುಗಳು ಏನು ಮಾಡಿದ್ರು ಅಂತ ತಿಳ್ಕೋಬೇಕು.

ಹುಬ್ಬಳ್ಳಿ ಗ್ಯಾರೇಜ್

ಟೈರಿನ ವಿಷಯ ಹೇಳ್ತೀನಿ ಕೇಳ್ರಿ. ಬಯಾಸ್ ಅಂದ್ರ ನಮ್ಮ ಲಾರಿಯವರು ನೈಲಾನ್ ಟೈರ್ ಅಂತಾರಲ್ಲ, ಅದs ಜಾತಿ. ಒಳಗಿನ ದಾರ ಓರಿ ಓರಿ ಹಾಕಿರ್ತಾರ, ಒಂದರ ಮ್ಯಾಲೆ ಒಂದು ಅಡ್ಡ, ಚಾಪಿ ಹೆಣದಂಗ. ಅದರಿಂದ ಪಕ್ಕದ ಗೋಡಿ ಬಾಗಿದ್ರ ಮ್ಯಾಲಿನ ಪಟ್ಟಾನೂ ಅದರ ಜೋಡಿ ಸೊಟ್ಟ ಆಗತೈತಿ. ರಸ್ತಾದ ಮ್ಯಾಲೆ ಪೂರ್ತಿ ಕೂಡೂದಿಲ್ಲ. ರೇಡಿಯಲ್‌ನಾಗ ದಾರ ನೆಟ್ಟಗ ಈ ಅಂಚಿನಿಂದ ಆ ಅಂಚಿಗೆ, ಮ್ಯಾಲೆ ಸ್ಟೀಲ್ ಬೆಲ್ಟ್. ಗೋಡಿ ತನ್ನ ಪಾಡಿಗೆ ಬಾಗತೈತಿ, ಪಟ್ಟಾ ಸಪಾಟ ಕುಂದರತೈತಿ.

ಮಿಶೆಲಿನ್ ಕಂಪನಿಯವರು 1946ರಾಗs ರೇಡಿಯಲ್‌ಗೆ ಪೇಟೆಂಟ್ ತಗೊಂಡಿದ್ರು. ಯುರೋಪಿನಾಗ ಬಳಸ್ತಿದ್ರು. ಅಮೆರಿಕಾದವರು ಮೆತ್ತಗಿನ ಸವಾರಿ ಬೇಕಂತ ಬಯಾಸ್ ಬಿಡಲಿಲ್ಲ. ಮಸಲ್ ಕಾರಿನ ಕಾಲಕ್ಕ ಗುಡ್‌ಇಯರ್‌ದವರು ಪಾಲಿಗ್ಲಾಸ್ ಅಂತ ಮಾಡಿದ್ರು, ಬಯಾಸ್ ಟೈರಿಗೆ ಫೈಬರ್‌ಗ್ಲಾಸ್ ಬೆಲ್ಟ್ ಹಾಕಿ. ಮೊದಲಿನಕ್ಕಿಂತ ಚಲೋ, ಆದ್ರ ರೇಡಿಯಲ್ ಸಮ ಅಲ್ಲ. ನಿಮ್ಮ ಮಸ್ಟ್ಯಾಂಗಿಗೆ ಪರ್ಫಾರ್ಮೆನ್ಸ್ ಪ್ಯಾಕೇಜ್ ಇದ್ರ ಹಿಂದ 275 ಮಿಲಿಮೀಟರ್ ಅಗಲದ ಟೈರ್, ರಬ್ಬರೂ ಬ್ಯಾರೆ. 500 ನ್ಯೂಟನ್ ಮೀಟರ್ ದಾಟಿದ ಟಾರ್ಕನ್ನ ಅಂಗೈ ಅಗಲದ ರಬ್ಬರಿನ ಮ್ಯಾಲೆ ಬಿಟ್ರ ಏನ್ ಆಗಬೇಕು? ತಿರಗತೈತಿ, ಹೊಗಿ ಬರತೈತಿ. ಫೋಟೊಕ್ಕ ಚಂದ, ಚೀಟಿಗೆ ಅಲ್ಲ.

ಟಕಟಕ ಕುಣೀತು ಅಂದ್ರಲ್ಲ, ಅದು ಹಿಂದಿನ ಇಡೀ ಆ್ಯಕ್ಸಲ್ ಹಿಡಿದು ಬಿಟ್ಟು ಮಾಡೂದು. ಟೈರ್ ಹಿಡಿತೈತಿ, ಆ್ಯಕ್ಸಲ್ ತಿರಚತೈತಿ, ಮತ್ತ ಬಿಡತೈತಿ. ಆ್ಯಕ್ಸಲ್ ಹಿಡಿಯೂ ಹಿಂದಿನ ಆರ್ಮ್‌ನ ರಬ್ಬರ್ ಬುಶ್ ನೋಡಸ್ರಿ. ಹಳೇ ರಬ್ಬರ್ ಸೀಳಿದ್ರ ಇದು ಇನ್ನೂ ಜಾಸ್ತಿ.

ಮೂಡಿಗೆರೆ ತೋಟ

ನಾನು ಅಮೆರಿಕದ ಕಾರು ಓಡಿಸಿದವನಲ್ಲ. ಆದರೆ "ನಾಲ್ಕೂ ಚಕ್ರಕ್ಕೆ ಡ್ರಮ್" ಎಂದು ಓದಿದ ಕೂಡಲೇ ಒಂದು ವಾಸನೆ ಮೂಗಿಗೆ ಬಂತು.

ನಮ್ಮ ತಂದೆಯವರ ಹಳೇ ಅಂಬಾಸಿಡರ್‌ಗೂ ನಾಲ್ಕೂ ಡ್ರಮ್ಮೇ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಅರ್ಧ ದಾರಿಗೆ ಸುಟ್ಟ ವಾಸನೆ, ಪೆಡಲ್ ಕೆಳಗೆ ಕೆಳಗೆ ಹೋಗುವುದು. ತಂದೆಯವರು ಎರಡನೇ ಗೇರಿಗೆ ಹಾಕಿ, ಎಂಜಿನ್ನಿನಿಂದಲೇ ಹಿಡಿದು ಇಳಿಸುತ್ತಿದ್ದರು. ನೀರು ಬೀಳುವ ಒಂದು ಜಾಗದಲ್ಲಿ ನಿಲ್ಲಿಸಿ, ಚಕ್ರ ಮುಟ್ಟಬೇಡ ಎನ್ನುತ್ತಿದ್ದರು. ಒಮ್ಮೆ ಮುಟ್ಟಿದ್ದೆ. ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತ್ತು.

ಅಂಬಾಸಿಡರ್ ಇಳಿಜಾರಲ್ಲೂ ಐವತ್ತು ದಾಟುತ್ತಿರಲಿಲ್ಲ. ಅದೇ ಬ್ರೇಕು ಇಟ್ಟುಕೊಂಡು 160 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೇ?

ಬ್ರೇಕ್ ಬೆಂಗಳೂರು

ಹೋಗ್ತಿದ್ದರು. ಇದು ನನ್ನ ದಿನದ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಜಿಟಿಒಗೆ ಮುಂದಿನ ಡಿಸ್ಕ್ ಬ್ರೇಕ್ ಐಚ್ಛಿಕವಾಗಿ ಸಿಗ್ತಿತ್ತು. ತುಂಬ ಜನ ಅದಕ್ಕೆ ದುಡ್ಡು ಕೊಡದೆ ಎಂಜಿನ್ನಿಗೆ ಕೊಟ್ಟರು. 1,750 ಕೆಜಿ ಕಾರು 160 ಕಿ.ಮೀ. ವೇಗದಲ್ಲಿದ್ದರೆ ಅದರೊಳಗಿನ ಚಲನಶಕ್ತಿ 1.7 ಮೆಗಾಜೂಲ್. ನಿಲ್ಲಿಸಬೇಕಾದರೆ ಅಷ್ಟೂ ಶಾಖವಾಗಿ ಬ್ರೇಕಿನೊಳಗೆ ಇಳೀಬೇಕು. ಡ್ರಮ್ ಅಂದರೆ ಮುಚ್ಚಿದ ಪಾತ್ರೆ. ಬಿಸಿಯಾದಾಗ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತೆ, ಅದಕ್ಕೇ ಪೆಡಲ್ ಕೆಳಗೆ ಹೋಗೋದು. ಡಿಸ್ಕ್ ಬಿಸಿಯಾದರೆ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತೆ, ಮೇಲಾಗಿ ಗಾಳಿಗೆ ಬಿಚ್ಚಿಕೊಂಡಿರುತ್ತೆ. ಮೂಡಿಗೆರೆಯವರು ಮುಟ್ಟಿದ ಆ ಚಕ್ರದಲ್ಲಿ ಇದ್ದದ್ದು ಘಾಟಿಯ ಎತ್ತರವೆಲ್ಲ ಶಾಖವಾಗಿ ತಿರುಗಿದ್ದು.

ಇದು ಪದೇ ಪದೇ ಬ್ರೇಕ್ ಹಾಕಿದಾಗಿನ ಮಾತು. ತಣ್ಣಗಿರುವಾಗ ಒಂದೇ ಸಲ ಹಾಕಿದರೆ? ಆಗ ಟೈರೇ ಮಿತಿ. ಹಳೇ ಬಯಾಸ್ ಟೈರಿನ ಹಿಡಿತ 0.75 ಜಿ, ಅಂದರೆ ಗುರುತ್ವಾಕರ್ಷಣೆಯ ಮುಕ್ಕಾಲು ಪಾಲು ಅಂತಿಟ್ಟುಕೊಳ್ಳಿ, ಇವತ್ತಿನ ಒಳ್ಳೆ ಬೇಸಿಗೆ ಟೈರಿಗೆ 1.05 ಜಿ. 100 ಕಿ.ಮೀ. ವೇಗದಿಂದ ನಿಲ್ಲೋಕೆ ಹೊಸ ಕಾರಿಗೆ 37 ಮೀಟರ್ ಸಾಕು. ಹಳೇದಕ್ಕೆ 52 ಬೇಕು.

ಹದಿನೈದು ಮೀಟರ್ ತಾನೇ ಅನಿಸುತ್ತೆ. ಹೀಗೆ ನೋಡಿ: ಎರಡೂ ಕಾರು ಅಕ್ಕಪಕ್ಕ, ಒಂದೇ ಜಾಗದಲ್ಲಿ ಬ್ರೇಕ್ ಒತ್ತಿವೆ. ಮಸ್ಟ್ಯಾಂಗ್ ಪೂರ್ತಿ ನಿಂತ ಆ ಗೆರೆಯನ್ನ ಜಿಟಿಒ ದಾಟುವಾಗ ಅದರ ವೇಗ ಇನ್ನೂ ಗಂಟೆಗೆ 53 ಕಿ.ಮೀ. ಇರುತ್ತೆ. ಒಂದು ಕಾರು ನಿಂತಿದೆ, ಇನ್ನೊಂದು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಯಾರೂ ಓಡಿಸದ ವೇಗದಲ್ಲಿ ಪಕ್ಕದಲ್ಲೇ ಹಾದುಹೋಗ್ತಿದೆ. ಎಬಿಎಸ್ ಇಲ್ಲದೆ ಚಕ್ರ ಬಿಗಿದರೆ ಪರಿಸ್ಥಿತಿ ಇನ್ನೂ ಕೆಟ್ಟದು.

ನನ್ನನ್ನ ಕೇಳಿದರೆ ಐವತ್ತು ವರ್ಷದ ದೊಡ್ಡ ಸಾಧನೆ 460 ಎಚ್‌ಪಿ ಅಲ್ಲ, ಈ 53 ಕಿ.ಮೀ.

ಪಾಂಟಿಯಾಕ್ ಪ್ರೇಮಿ

ಬ್ರೇಕಿನ ಮಾತಿಗೆ ನನ್ನ ಬಳಿ ಉತ್ತರವಿಲ್ಲ, ಒಪ್ಪುತ್ತೇನೆ. ಆದರೆ "ಹಳೇ ಅಮೆರಿಕನ್ ಕಾರು ನೆಟ್ಟಗೆ ಮಾತ್ರ ಓಡುತ್ತದೆ, ತಿರುವಿನಲ್ಲಿ ದಂಡ" ಎಂದು ಮುಂದೆ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ.

1967ರ ಶೆವ್ರೊಲೆ ಕ್ಯಾಮರೋ ಜೀ/28 ಹುಟ್ಟಿದ್ದೇ ತಿರುವುಗಳಿರುವ ಟ್ರ್ಯಾಕಿನ ಟ್ರಾನ್ಸ್-ಆ್ಯಮ್ ರೇಸಿಗಾಗಿ. ಅಲ್ಲಿ ಎಂಜಿನ್ ಮಿತಿ 5 ಲೀಟರ್. ಹಾಗಾಗಿ 302 ಘನ ಅಂಗುಲ. ಪೆನ್ಸ್ಕಿ ತಂಡದ ಮಾರ್ಕ್ ಡೊನಹ್ಯೂ 1968ರಲ್ಲಿ 13 ರೇಸುಗಳಲ್ಲಿ 10 ಗೆದ್ದರು. 1970ರಲ್ಲಿ ಬಾಸ್ 302 ಮಸ್ಟ್ಯಾಂಗ್‌ಗಳು ಪಾರ್ನೆಲ್ಲಿ ಜೋನ್ಸ್ ಕೈಯಲ್ಲಿ ಓಡಿ ಫೋರ್ಡ್‌ಗೆ ಪ್ರಶಸ್ತಿ ತಂದವು. ಅವು ರೇಸಿಗೆ ಸಜ್ಜಾದ ಕಾರುಗಳು ನಿಜ, ಆದರೆ ಅಡಿಪಾಯ ಅದೇ. ಒಂದೇ ತುಂಡಿನ ಹಿಂದಿನ ಆ್ಯಕ್ಸಲ್ ಇಟ್ಟುಕೊಂಡೇ ತಿರುವುಗಳನ್ನು ಗೆದ್ದರು. (ಜೀ/28, ಮಸ್ಟ್ಯಾಂಗ್ ಇವನ್ನು 'ಪೋನಿ ಕಾರು' ಎನ್ನಬೇಕು. ಮಧ್ಯಮ ಗಾತ್ರದ ಮೈಯಲ್ಲಿ ದೊಡ್ಡ ಎಂಜಿನ್ ಇದ್ದರೆ ಮಾತ್ರ ಮಸಲ್ ಕಾರು. ಈ ವ್ಯತ್ಯಾಸ ಉಳಿಸಿಕೊಳ್ಳೋಣ ಎಂಬುದು ನನ್ನ ಆಸೆ.)

ಗಾಳಿಯನ್ನು ಸೀಳುವ ವಿದ್ಯೆಯೂ ಆಗಲೇ ಇತ್ತು. 1970ರ ಮಾರ್ಚ್ 24ರಂದು ಟಲ್ಲಡೇಗಾದಲ್ಲಿ ಬಡ್ಡಿ ಬೇಕರ್ ಡಾಜ್ ಚಾರ್ಜರ್ ಡೇಟೋನಾದಲ್ಲಿ ಗಂಟೆಗೆ 200.447 ಮೈಲಿ ಮುಟ್ಟಿದರು. 322 ಕಿ.ಮೀ. ದಾಟಿತು. ಮುಂದೆ ಚೂಪು ಮೂತಿ, ಹಿಂದೆ ಆಳೆತ್ತರ ಎನ್ನಿಸುವ ರೆಕ್ಕೆ.

ಕುಡ್ಲ ದುಬೈ

ಮಸ್ಟ್ಯಾಂಗ್‌ನ ಸಾಮಾನ್ಯ ಮಾಡೆಲಿಗೆ ಇಂಡಿಪೆಂಡೆಂಟ್ ಹಿಂದಿನ ಸಸ್ಪೆನ್ಶನ್ (ಎರಡೂ ಚಕ್ರ ಬೇರೆ ಬೇರೆಯಾಗಿ ಆಡುದು) ಬಂದದ್ದೇ 2015ರಲ್ಲಿ. ಬಲಗೈ ಸ್ಟೇರಿಂಗ್ ಫ್ಯಾಕ್ಟರಿಯಿಂದಲೇ ಬಂದದ್ದೂ ಅದೇ ತಲೆಮಾರಿನಲ್ಲಿ, ಹಾಗಾಗಿ 2016ರಲ್ಲಿ ಭಾರತಕ್ಕೂ ಬಂತು. ಐವತ್ತು ವರ್ಷ ಒಂದೇ ಆ್ಯಕ್ಸಲಿನಲ್ಲಿ ಕಳೆದದ್ದು!

ಕಾಲೇಜು ಮೆಕ್ಯಾನಿಕಲ್

ನಾನು ದಾವಣಗೆರೆಯಲ್ಲಿ ಮೂರನೇ ವರ್ಷದ ಬಿಇ. ಒಂದು ಡೌಟ್. 1970ರಲ್ಲಿ 7.4 ಲೀಟರಿಗೆ ಹತ್ತಿರ ಹತ್ತಿರ 390 ಎಚ್‌ಪಿ, 2019ರಲ್ಲಿ 5 ಲೀಟರಿಗೆ 460. ಇಷ್ಟು ವ್ಯತ್ಯಾಸಕ್ಕೆ ಐವತ್ತು ವರ್ಷ ಬೇಕಿತ್ತಾ? ಮಧ್ಯೆ ಏನಾಯ್ತು?

ಬ್ರೇಕ್ ಬೆಂಗಳೂರು

ಒಳ್ಳೆ ಪ್ರಶ್ನೆ. ಮಧ್ಯೆ ಇಳಿದು ಮತ್ತೆ ಹತ್ತಿದ್ದು.

1970ರಲ್ಲಿ ಅಮೆರಿಕದಲ್ಲಿ ಕ್ಲೀನ್ ಏರ್ ಆ್ಯಕ್ಟ್ ಬಂತು. ಹೈ ಕಂಪ್ರೆಶನ್ ಎಂಜಿನ್ನುಗಳು, ಅಂದರೆ ಗಾಳಿ-ಪೆಟ್ರೋಲನ್ನ ಹೆಚ್ಚು ಒತ್ತಿ ಉರಿಸುವಂಥವು, ಕಟಕಟ ಅನ್ನದಿರೋಕೆ (ಇದೇ ನಾಕಿಂಗ್) ಸೀಸ ಬೆರೆಸಿದ ಪೆಟ್ರೋಲ್ ನಂಬಿಕೊಂಡಿದ್ದವು. ಎಲ್‌ಎಸ್6ದು 11.25:1. ಸೀಸ ಕಡಿಮೆ ಇರುವ ಪೆಟ್ರೋಲಿಗೆ ಹೊಂದಲಿ ಅಂತ 1971ರ ಮಾದರಿಗಳಿಗೆ ಜನರಲ್ ಮೋಟರ್ಸ್ ಕಂಪ್ರೆಶನ್ ಇಳಿಸಿತು. ವಿಮೆ ಕಂಪನಿಗಳು ಇಂಥ ಕಾರಿಗೆ ಪ್ರೀಮಿಯಂ ಏರಿಸಿದವು, ಕೊಳ್ಳುತ್ತಿದ್ದವರು ಹೆಚ್ಚಿನವರು ಹುಡುಗರು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಲೀಟರಿಗೆ ನಾಲ್ಕು ಕಿ.ಮೀ. ಕೊಡುವ ಕಾರು ಯಾರಿಗೆ ಬೇಕು? 1974ರ ಜಿಟಿಒ 200 ಎಚ್‌ಪಿ (ನೆಟ್). ಆ ವರ್ಷಕ್ಕೇ ಹೆಸರು ನಿಂತು, ಮತ್ತೆ ಬಂದದ್ದು 2004ರಲ್ಲಿ.

ಆಮೇಲೆ ಹತ್ತಿದ್ದು ಬೇರೆ ದಾರಿಯಲ್ಲಿ. ಇವರ ಮಸ್ಟ್ಯಾಂಗ್ ಎಂಜಿನ್ನಿಗೆ ಸಿಲಿಂಡರಿಗೆ ನಾಲ್ಕು ವಾಲ್ವ್, ವಾಲ್ವ್ ತೆರೆಯುವ ಸಮಯವನ್ನ ವೇಗಕ್ಕೆ ತಕ್ಕಂತೆ ಸರಿಸುವ ಕ್ಯಾಮ್, ಸಿಲಿಂಡರಿನೊಳಗೇ ಪೆಟ್ರೋಲ್ ಚಿಮ್ಮಿಸುವ ನೇರ ಇಂಜೆಕ್ಷನ್. ಕಂಪ್ರೆಶನ್ 12:1, ಎಲ್‌ಎಸ್6ಗಿಂತ ಹೆಚ್ಚು, ಸೀಸದ ಹನಿಯೂ ಇಲ್ಲದೆ. ಸೀಸ ಮಾಡುತ್ತಿದ್ದ ಕೆಲಸವನ್ನ ಈಗ ಸೆನ್ಸರ್ ಮತ್ತು ಕಂಪ್ಯೂಟರ್ ಮಾಡ್ತಿವೆ. ಕ್ಲಾಸಿನಲ್ಲಿ ನಾಕಿಂಗ್ ಪಾಠ ಬಂದಾಗ ಈ ಎರಡು ಎಂಜಿನ್ನುಗಳನ್ನ ಅಕ್ಕಪಕ್ಕ ಇಟ್ಟು ಓದಿ, ಮನಸ್ಸಿಗೆ ಹತ್ತುತ್ತೆ.

ಹುಬ್ಬಳ್ಳಿ ಗ್ಯಾರೇಜ್

ಒಂದ್ ಮಾತು ಬಿಟ್ರಿ. ಹಳೇ ಎಂಜಿನ್ ನಾನು ರಸ್ತಾದ ಬಾಜೂಕ ಕುಂತು ಬಿಚ್ಚತೀನಿ. ಕಿಡಿ ಕೊಡೂ ಪಾಯಿಂಟ್ ಸೆಟ್ ಮಾಡಾಕ ಒಂದ್ ಫೀಲರ್ ಗೇಜ್ ಸಾಕು. ಹೊಸಾದು ಲ್ಯಾಪ್‌ಟಾಪ್ ಇಲ್ದ ಬಾಯಿ ಬಿಡೂದಿಲ್ಲ. ವುಡ್‌ವರ್ಡ್ ಸಾಹೇಬ್ರ, ಹಿರಿಯರಿಗೆ ಹೇಳ್ರಿ, ಒಂದ್ ಸಲ ರೇಡಿಯಲ್ ಹಾಕಿ ಓಡಸ್ರಿ ಅಂತ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ. ಚೀಟಿ ಇಲ್ಲೆ ಹಾಕ್ರಿ.

ವುಡ್‌ವರ್ಡ್ ವಾಸಿ

ಎರಡು ತಿಂಗಳಾದ ಮೇಲೆ ಬರೀತಿದೀನಿ, ತಡವಾಗಿದ್ದಕ್ಕೆ ಕ್ಷಮೆ ಇರಲಿ.

ಹಿರಿಯರು ಮೊದಲು ಒಪ್ಪಲಿಲ್ಲ. ಕೆಂಪು ಗೆರೆ ಇಲ್ಲದ ಟೈರು ಹಾಕಿದ್ರೆ ಅದು ತನ್ನ ಕಾರೇ ಅಲ್ಲ ಅಂದ್ರು. ಬ್ರೇಕ್ ಬೆಂಗಳೂರು ಅವರ 53 ಕಿ.ಮೀ. ಲೆಕ್ಕವನ್ನ ಇಂಗ್ಲಿಷಿನಲ್ಲಿ ಬರೆದು ಕೊಟ್ಟೆ. ಕಾಗದ ಮಡಚಿ ಜೇಬಿಗಿಟ್ಕೊಂಡ್ರು, ಏನೂ ಹೇಳಲಿಲ್ಲ. ವಾರದ ಮೇಲೆ ಬೇರೆ ನಾಲ್ಕು ರಿಮ್ಮು, ಅದಕ್ಕೆ 225/70 ಆರ್14 ರೇಡಿಯಲ್ ಹಾಕಿಸ್ಕೊಂಡು ಬಂದ್ರು. ಹಿಂದಿನ ಬುಶ್ ಬಿಚ್ಚಿ ನೋಡಿದ್ವಿ, ಮೇಲಿನ ಎರಡೂ ಸೀಳಿದ್ದವು. ಹುಬ್ಬಳ್ಳಿ ಸರ್, ನೀವು ಹೇಳಿದ ಹಾಗೇ ಇತ್ತು. ಆದ್ರೆ ಟೈರಿನ ಫಲ ಬೇರೆ ತಿಳೀಲಿ ಅಂತ ಓಟ ಮುಗಿಯೋ ತನಕ ಬದಲಾಯಿಸಲಿಲ್ಲ.

ಅಕ್ಟೋಬರ್ ಮೊದಲ ವಾರ ಅದೇ ಸ್ಟ್ರಿಪ್‌ನಲ್ಲಿ ಓಡಿದ ಚೀಟಿ: 60 ಅಡಿ 2.09, ಕಾಲು ಮೈಲಿ 13.96, ವೇಗ 100 ಮೈಲಿ.

ಆಗಸ್ಟ್‌ನಲ್ಲಿ 2.31, 14.34, 99 ಇತ್ತು. ಸಮಯ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳೀತು, ವೇಗ ಒಂದೇ ಮೈಲಿ ಏರ್ತು. ಆ ಒಂದು ಮೈಲಿಯೂ ತಣ್ಣನೆ ಗಾಳಿದು ಅನ್ಸುತ್ತೆ. ಎಂಜಿನ್ ಮುಟ್ಟೇ ಇಲ್ಲ. 14ರ ಕೆಳಗೆ ಬಂದಿದ್ದು ನೋಡಿ ಅವರು ಚೀಟಿಯನ್ನ ಎರಡು ಸಲ ಓದಿದ್ರು.

ವಾಪಸ್ ಬರೋವಾಗ ಖಾಲಿ ಪಾರ್ಕಿಂಗ್ ಜಾಗದಲ್ಲಿ ಬ್ರೇಕ್ ನೋಡಿದ್ವಿ. 60 ಕಿ.ಮೀ. ವೇಗ, ಸುಣ್ಣದ ಗೆರೆ, ಅಳೆಯೋ ಟೇಪು. ಮೊದಲನೇ ಸಲ ಎಡ ಮುಂದಿನ ಚಕ್ರ ಬಿಗಿದು ಕಾರು ಎಡಕ್ಕೆ ಎಳೀತು. ಎರಡನೇ ಸಲ ಅವರು ಪೆಡಲನ್ನ ಒತ್ತಿ, ಬಿಟ್ಟು, ಮತ್ತೆ ಒತ್ತಿ ನಿಲ್ಲಿಸಿದ್ರು: 17 ಮೀಟರ್ ಚಿಲ್ಲರೆ. ನನ್ನ ಕಾರಲ್ಲಿ ನಾನು ಸುಮ್ನೆ ಪೂರ್ತಿ ತುಳಿದೆ, ಎಬಿಎಸ್ ಗರಗರ ಅಂತು, 14 ಮೀಟರಿಗೆ ನಿಂತಿತು. ಅವರ 17 ಮೀಟರಿನ ಹಿಂದೆ ಐವತ್ತು ವರ್ಷದ ಅಭ್ಯಾಸ ಇದೆ.

ಆಮೇಲೆ ಬೀಗದ ಕೈ ನನ್ನ ಕೈಗೆ ಕೊಟ್ರು. ಸ್ಟೇರಿಂಗ್ ಒಂದು ಬೆರಳಲ್ಲಿ ತಿರುಗುತ್ತೆ, ಆದ್ರೆ ಮುಂದಿನ ಚಕ್ರ ಏನು ಮಾಡ್ತಿದೆ ಅಂತ ಕೈಗೆ ತಿಳಿಯಲ್ಲ. ಬೆನ್ನಿಗೆ ತಿಳಿಯುತ್ತೆ. ಮೂರನೇ ಗೇರಿನಲ್ಲಿ ಪೂರ್ತಿ ತುಳಿದಾಗ ಕಾರ್ಬ್ಯುರೇಟರಿನ ಹಿಂದಿನ ಎರಡು ದೊಡ್ಡ ಬಾಯಿ ತೆರೆದು ಬಂದ ಆ ಗಾಳಿಯ ಸದ್ದು ನನ್ನ ಮಸ್ಟ್ಯಾಂಗ್‌ನಲ್ಲಿ ಇಲ್ಲ. ಬಾನೆಟ್ ಮೇಲಿನ ಮುಳ್ಳು 5,000 ಮುಟ್ಟಿದಾಗ ಅವರು "ಈಗ" ಅಂದ್ರು, ನಾಲ್ಕನೇ ಗೇರಿಗೆ ಹಾಕಿದೆ.

ಮುಂದಿನ ಡಿಸ್ಕ್ ಕಿಟ್ ಹಾಕಿಸೋಕೆ ಇನ್ನೂ ಒಪ್ಪಿಲ್ಲ. ಲೆಕ್ಕ ಬರೆದ ಕಾಗದ ಮಾತ್ರ ಅವರ ಗ್ಯಾರೇಜಿನ ಗೋಡೆ ಮೇಲೆ ಅಂಟಿಸಿದೆ. ಚಳಿಗಾಲದ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಹಾಕೋಕೆ ಶುರು ಮಾಡೋ ಮೊದಲೇ ಕಾರನ್ನ ಒಳಗೆ ನಿಲ್ಲಿಸಿ ಬ್ಯಾಟರಿ ಕಳಚಿದ್ವಿ, ಹೊಸ ಬುಶ್ ತರಿಸಿದೀವಿ. ಕೆಂಪು ಗೆರೆಯ ಟೈರುಗಳು ಪಕ್ಕದಲ್ಲೇ ಇವೆ, ಮುಂದಿನ ಆಗಸ್ಟ್ ಕ್ರೂಸಿಗೆ ಅವೇ ಬೇಕಂತೆ.